ಮೇಲಿರುವವರಿಗೆ ಕಾಣುವ ಚುಕ್ಕಿ

"ಮೇಲಿರೋರು ಎದ್ರಾ ಮಗ?" ಎಂದು ಮಲ್ಲಿಗಮ್ಮ ಜಗಲಿಯಿಂದ ಕೇಳಿದಾಗ ಮಂಟೇಸ್ವಾಮಿ ಗಲ್ಲಕ್ಕೆ ಸೋಪು ಹಚ್ಚಿಕೊಂಡು, ಕನ್ನಡಿಯಲ್ಲಿ ತನ್ನ ಕಣ್ಣಿಗೆ ಕಣ್ಣು ಕೊಡದೆ ಬರೀ ಗಲ್ಲವನ್ನು ನೋಡಿಕೊಂಡು ಕ್ಷೌರ ಮುಗಿಸುವುದು ಹೇಗೆಂದು ಹೆಣಗುತ್ತಿದ್ದ. ಎದ್ದರು ಕಣವ್ವ, ಆಗಲೇ ನಾಲ್ಕು ಸಲ ಎದ್ದು ಮಲಗಿದರು, ಎಂದ. ಇಪ್ಪತ್ತು ದಿನದಿಂದ ತಾಯಿ ಮಗನ ನಡುವೆ ನಡೆದು ಬಂದ ಆಟ ಇದು. ಪೇಪರಿನಲ್ಲಿ ಬಂದ ಅಂಗೈಯಗಲದ ಸುದ್ದಿಯೊಂದನ್ನು ಅವನು ಕತ್ತರಿಸಿಟ್ಟುಕೊಂಡಿದ್ದ. ಭೂಮಿಯ ಸುತ್ತ ತಿರುಗುವ ನಿಲ್ದಾಣದಲ್ಲಿ ಇರುವವರು ಕಿಟಕಿಗೆ ಮುಖವಿಟ್ಟು, ಈಗ ಊರಿಗೆಲ್ಲ ಕಾಣುತ್ತಿರುವ ಈ ಧೂಮಕೇತುವನ್ನು ನೋಡುತ್ತಿದ್ದಾರಂತೆ. ಅವರಿಗೆ ದಿನಕ್ಕೆ ಹದಿನಾರು ಸಲ ಬೆಳಗಾಗಿ ಹದಿನಾರು ಸಲ ಕತ್ತಲಾಗುತ್ತದಂತೆ. ಮೊದಲ ದಿನ ಓದಿ ಹೇಳಿದಾಗ ಮಲ್ಲಿಗಮ್ಮ, ಅಯ್ಯೋ ಪಾಪ, ಹದಿನಾರು ಸಲ ಮುಖ ತೊಳೀಬೇಕಲ್ಲಪ್ಪ ಅವು, ಎಂದು ನಕ್ಕಿದ್ದಳು. ಎಡಗಣ್ಣು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವಿಗಾಗಿ ಅವನು ದಿನವೂ ಸುದ್ದಿಗೆ ಉಪ್ಪುಕಾರ ಹಚ್ಚಿ ಬೆಳೆಸಿದ್ದ. ಅಲ್ಲಿ ಗಾಳಿಯಿಲ್ಲ, ಧೂಳಿಲ್ಲ, ಚುಕ್ಕಿ ಮಿನುಗುವುದಿಲ್ಲ, ಬಾಲ ಒಂದಲ್ಲ ಎರಡು, ಒಂದು ಬಿಳಿ ಇನ್ನೊಂದು ನೀಲಿ, ಭೂಮಿಯ ಅಂಚಿನ ಮೇಲೆ ನಿಂತಿರುತ್ತದೆ ಎಂದೆಲ್ಲ ಹೇಳುವಾಗ ತಾನೇ ಆ ಕಿಟಕಿಯ ಮುಂದೆ ತೇಲುತ್ತಿರುವಂತೆ ಅವನಿಗೆ ಅನ್ನಿಸುತ್ತಿತ್ತು. ಅಲ್ಲಿಂದ ತನ್ನೂರು ತೆರಕಣಾಂಬಿ ಕಾಣುವುದಿಲ್ಲ. ಈ ಮನೆ, ಈ ಜಗಲಿ, ಹಿತ್ತಲಿನ ನಂದಿಬಟ್ಟಲ ಗಿಡ, ಯಾವುದೂ ಕಾಣುವುದಿಲ್ಲ. ಸೋಪಿನ ನೊರೆಯಲ್ಲಿ ಕೆಂಪು ಎಳೆ ಕಂಡಾಗಲೇ ಅವನಿಗೆ ಕುಯ್ದುಕೊಂಡದ್ದು ಗೊತ್ತಾಯಿತು.

ಇವತ್ತು ಹನ್ನೊಂದು ಗಂಟೆಗೆ ಚಾಮರಾಜನಗರದಲ್ಲಿ, ಆಪರೇಷನ್ ಆದ ಅವ್ವನ ಎಡಗಣ್ಣು ಹೋದದ್ದರ ವಿಚಾರಣೆ. ಸಂಜೆ ಏಳಕ್ಕೆ ಹೈಸ್ಕೂಲು ಮೈದಾನದಲ್ಲಿ ಊರವರಿಗೆಲ್ಲ ಧೂಮಕೇತು ತೋರಿಸಿ, ಅದರಿಂದ ಯಾವ ಕೇಡೂ ಇಲ್ಲವೆಂದು ತಿಳಿಸಿ ಹೇಳುವ ಕಾರ್ಯಕ್ರಮ. ಎರಡಕ್ಕೂ ವಿಜ್ಞಾನದ ಮೇಷ್ಟ್ರು ಮಂಟೇಸ್ವಾಮಿಯೇ ಬೇಕು. ವಿಚಾರಣೆಯಲ್ಲಿ ನಿಜ ಹೇಳಿಬಿಡುವುದೆಂದು ಅವನು ರಾತ್ರಿಯೇ ತೀರ್ಮಾನಿಸಿದ್ದ. ಹೇಳಿದರೆ ಕಣ್ಣಿನ ಕ್ಯಾಂಪಿನ ನರ್ಸ್ ಜಾಹಿದಾಳ ಕೆಲಸ ಅವಳಿಗೆ ವಾಪಸ್ಸಾಗುತ್ತದೆ. ಆಪರೇಷನ್ ಅಂದರೆ ಬೆಚ್ಚುತ್ತಿರುವ ಊರಿನ ಮುದುಕರ ಹೆದರಿಕೆ ಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಪೊರೆ ಬಲಿತು ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದ ಅವ್ವನ ಬಲಗಣ್ಣಿಗೆ ಮೇ ತಿಂಗಳ ಕ್ಯಾಂಪಿನಲ್ಲಿ ಪೊರೆ ತೆಗೆಸಬಹುದು. ಹೋಗುವುದು ಏನಿದ್ದರೂ ತನ್ನ ಮಾನ. ಇಪ್ಪತ್ತೆರಡು ವರ್ಷ ಹಲಗೆಯ ಮುಂದೆ ನಿಂತು ಮೂಢನಂಬಿಕೆ ಮೂಢನಂಬಿಕೆ ಎಂದು ಸೀಮೆಸುಣ್ಣ ಸವೆಸಿದ ಮಾನ. ಹೇಳುವುದು ಆಚಾರ ತಿನ್ನುವುದು ಬದನೆಕಾಯಿ ಎಂದು ಊರು ನಕ್ಕರೆ ನಗಲಿ ಎಂದು ರಾತ್ರಿ ಅನ್ನಿಸಿದ್ದು, ಬೆಳಗ್ಗೆ ಹೆಂಡತಿ ಭಾನು ಇಸ್ತ್ರಿ ಅಂಗಿ ತಂದುಕೊಟ್ಟು, ಆ ನರ್ಸಮ್ಮನಿಗೆ ಸರಿಯಾಗಿ ಬುದ್ಧಿ ಕಲಿಸಿ ಬನ್ನಿ ಎಂದಾಗ ಅಷ್ಟು ಗಟ್ಟಿಯಾಗಿ ಉಳಿದಿರಲಿಲ್ಲ. ಭಾನುವಿಗೂ ಏನೂ ಗೊತ್ತಿಲ್ಲ. ಅವ್ವನ ಕಣ್ಣು ಕೆಟ್ಟ ವಾರ ಅವಳು ಕುದೇರಿನ ತವರಿನಲ್ಲಿದ್ದಳು.

ಫೆಬ್ರವರಿ ಕೊನೆಯ ವಾರ ಗುಂಡ್ಲುಪೇಟೆಯ ಛತ್ರವೊಂದರಲ್ಲಿ ಕಣ್ಣಿನ ಕ್ಯಾಂಪು ಆದಾಗ ಊರಿನಿಂದ ಹನ್ನೊಂದು ಜನ ಮುದುಕ ಮುದುಕಿಯರನ್ನು ಹೊರಡಿಸಿಕೊಂಡು ಹೋದವನು ಅವನೇ. ಮನೆಮನೆಗೆ ಹೋಗಿ ಕರೆದಿದ್ದ, ಅನುಮಾನಪಟ್ಟವರ ಬಾಯಿ ಮುಚ್ಚಿಸಲು ತನ್ನ ಹೆತ್ತವ್ವನನ್ನೇ ಮೊದಲ ಹೆಸರಾಗಿ ಬರೆಸಿದ್ದ. ಆಪರೇಷನ್ ಮುಗಿಸಿ ಮನೆಗೆ ಕಳಿಸುವ ದಿನ ಜಾಹಿದಾ, ಇನ್ನೂ ಮೂವತ್ತು ತುಂಬದ ಹುಡುಗಿ, ಎಲ್ಲರನ್ನೂ ಕೂರಿಸಿ ಹೇಳಿದಳು: ಹನಿ ಔಷಧ ಬಿಟ್ಟು ಕಣ್ಣಿಗೆ ಏನೂ ಹಾಕಕೂಡದು, ನೀರು ಬೇಡ, ಹರಳೆಣ್ಣೆ ಬೇಡ, ಹೂವು ಬೇಡ, ಬಾಣಂತಿ ಹಾಲು ಬೇಡ. ಮಂಟೇಸ್ವಾಮಿ ಪಕ್ಕದಲ್ಲಿ ನಿಂತು ಅದನ್ನೇ ಊರ ಮಾತಿನಲ್ಲಿ ಇನ್ನೊಮ್ಮೆ ಗದರಿ ಹೇಳಿದ್ದ. ನೀವಿದ್ದೀರಲ್ಲ ಸರ್, ನನಗೆ ಧೈರ್ಯ, ಎಂದಿದ್ದಳು ಆ ಹುಡುಗಿ. ಆ ಮಾತಿಗೆ ಅವನ ಎದೆ ಉಬ್ಬಿತ್ತು. ಬಸ್ಸಿನಲ್ಲಿ ಊರಿಗೆ ಬರುವವರೆಗೂ ಉಬ್ಬಿಯೇ ಇತ್ತು. ಹತ್ತು ಜನರ ಕಣ್ಣು ಚೆನ್ನಾಗಿಯೇ ಬಂತು. ದರಿದ್ರದ್ದು, ಹೋದದ್ದು ಒಂದೇ.

ಬಸ್ಸು ಚಾಮರಾಜನಗರದ ಕಡೆ ಹೊರಟಾಗ ಅವನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಆ ಮೇಲಿರುವವರ ಲೆಕ್ಕದಲ್ಲಿ ಈ ಒಂದು ಗಂಟೆಯ ದಾರಿ ನಾಲ್ಕೈದು ಸೆಕೆಂಡು, ರೆಪ್ಪೆ ಎರಡು ಸಲ ಬಡಿದರೆ ಮುಗಿಯಿತು. ಅಷ್ಟರಲ್ಲಿ ಯಾರ ಸುಳ್ಳು ಯಾರಿಗೆ ಕಂಡೀತು. ಕಣ್ಣು ಮುಚ್ಚಿದ. ಮುಚ್ಚಿದರೆ ಆಪರೇಷನ್ ಆದ ವಾರದ ಅದೇ ಬೆಳಗಿನ ಜಾವ. ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡು ಎದ್ದಿದ್ದ, ಆಗ ಧೂಮಕೇತು ಬೆಳಗಾಗುವ ಮುಂಚೆ ಮೂಡಲಲ್ಲಿ ಕಾಣುತ್ತಿತ್ತು. ಎರಡು ದಿನ ಮೋಡ. ಆವತ್ತು ಆಕಾಶ ತೊಳೆದಿಟ್ಟ ಹಾಗಿತ್ತು. ಅವ್ವ ಗೋಡೆಗೆ ಒರಗಿ ಕೂತು ಮುಲುಗುತ್ತಿದ್ದಳು. ಕಣ್ಣು ಉರಿತದ ಕಣ್ ಮಗ, ಮರಳು ಉಯ್ದಂಗಾಯ್ತದ, ಆ ಹೂವ ಇಡು, ತಂಪಾಯ್ತದ ಎಂದು ಒಂದೇ ಸಮನೆ. ಹಿಂದಿನ ಸಂಜೆ ಪಕ್ಕದ ಮನೆಯ ಬಾಣಂತಿ ಮೀನಾಳಿಂದ ಹಾಲು ಹಿಂಡಿಸಿಕೊಂಡು ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ಗೋಡೆಯ ಗೂಡಿನೊಳಗೆ ಮುಚ್ಚಿಟ್ಟಿದ್ದಳು. ಸಂಜೆ ಅದನ್ನು ಕಂಡು ಅವನು ರೇಗಿದ್ದ. ಈಗ ರೇಗಲು ಹೊತ್ತಿರಲಿಲ್ಲ. ಹೊರಗೆ ಬಾನು ಬೆಳ್ಳಗಾಗುತ್ತಿತ್ತು, ಅವ್ವ ಸೆರಗು ಹಿಡಿದ ಮಗುವಿನ ಹಾಗೆ ಅವನ ಪಂಚೆಯ ಚುಂಗು ಹಿಡಿದುಕೊಂಡಿದ್ದಳು. ಚಿಕ್ಕವನಿದ್ದಾಗ ಅವನಿಗೆ ಕಣ್ಣುಬೇನೆ ಬಂದು ರೆಪ್ಪೆ ಅಂಟಿಕೊಂಡಾಗ ರಾತ್ರಿಯೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಇಟ್ಟದ್ದೂ ಇದೇ ಹೂವು, ಇದೇ ಹಾಲು. ಸರಿ ಸುಮ್ಮನಿರು ಅತ್ಲಾಗೆ, ಎಂದು ಹಿತ್ತಲಿಗೆ ಹೋಗಿ ನಂದಿಬಟ್ಟಲ ಎರಡು ಹೂ ಕಿತ್ತು ತಂದ, ಒಳಲೆಯಲ್ಲಿ ಅದ್ದಿದ, ಕಟ್ಟು ಸರಿಸಿ ಕಣ್ಣಿಗೆ ಹಿಂಡಿ ಮೇಲಿಟ್ಟ. ಕೈ ತೊಳೆದಿರಲಿಲ್ಲ. ಹಾಲು ರಾತ್ರಿಯ ಸೆಕೆಗೆ ಹುಳಿ ನಾರುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದು ಅವನಿಗೆ ಗೊತ್ತು, ಚೆನ್ನಾಗಿ ಗೊತ್ತು. ಬಡಿದರೂ ಕೈ ನಿಲ್ಲಲಿಲ್ಲ, ಯಾಕೆಂದರೆ ಹೊರಗೆ ಚುಕ್ಕಿ ಕರಗುತ್ತಿತ್ತು. ಆಮೇಲೆ ಓಡಿಹೋಗಿ ಕಣದಲ್ಲಿ ನಿಂತು ನೋಡಿದ. ಎಷ್ಟು ಚೆನ್ನಾಗಿತ್ತು. ದೇವರಾಣೆ, ಅಷ್ಟು ಚೆನ್ನಾದ್ದನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ.

ಮೂರನೆಯ ದಿನಕ್ಕೆ ಕಣ್ಣಲ್ಲಿ ಕೀವು. ಗುಂಡ್ಲುಪೇಟೆಗೆ ಕರೆದುಕೊಂಡು ಓಡಿದಾಗ ಜಾಹಿದಾ ಕಟ್ಟು ಬಿಚ್ಚಿ, ಮುಖ ಸಣ್ಣಗೆ ಮಾಡಿಕೊಂಡು, ಏನಾದ್ರೂ ಹಾಕಿದ್ರಾ ಸರ್, ಎಂದು ಮೆಲ್ಲಗೆ ಕೇಳಿದಳು. ಅವನು, ಛೆ, ಏನು ಮಾತು ಅಂತ ಆಡ್ತೀರಮ್ಮ, ನಾನು ಸೈನ್ಸ್ ಮೇಷ್ಟ್ರು, ಎಂದ. ಮಂಚದ ಮೇಲೆ ಮಲಗಿದ್ದ ಮಲ್ಲಿಗಮ್ಮ ಆ ಮಾತು ಕೇಳಿಸಿಕೊಂಡಳು. ಕೇಳಿಸಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅಂದಿನಿಂದ ಇಂದಿನವರೆಗೆ ಹೂವಿನ ಸುದ್ದಿಯನ್ನು ಅವಳು ಎತ್ತಿಲ್ಲ. ಕೇಳಿದವರಿಗೆಲ್ಲ ಬಾಲದ ಚುಕ್ಕಿ ಬಂದು ಕಣ್ಣು ತಕ್ಕಂಡೋಯ್ತು ಅನ್ನುತ್ತಾಳೆ. ಊರವರು ಚುಕ್ಕಿಯನ್ನು ಅರ್ಧ ನಂಬಿ ನರ್ಸಿನ ತಪ್ಪನ್ನು ಅರ್ಧ ನಂಬಿ ಅವಳ ಮೇಲೆ ಅರ್ಜಿ ಕೊಡೋಣ ಎಂದಾಗ, ಬರೆಯುವವನು ಯಾರು? ಅಕ್ಷರ ದುಂಡಗಿರುವವನು ಯಾರು? ಕೈ ಶುದ್ಧವಿಲ್ಲದೆ, ನಿರ್ಲಕ್ಷ್ಯದಿಂದ, ಎಂಬ ಎರಡು ಮಾತನ್ನು ಅವನು ಬರೆದದ್ದು ತನ್ನ ಬಲಗೈಯಿಂದಲೇ. ಕೈ ಶುದ್ಧವಿಲ್ಲದೆ ಎಂದು ಬರೆಯುವಾಗ ಪೆನ್ನು ಒಂದು ಚಣ ನಿಂತಿತ್ತು. ಶಾಯಿ ಮುಗಿಯಿತೇನೋ ಎಂದು ಅರ್ಜಿದಾರರು ಇನ್ನೊಂದು ಪೆನ್ನು ಚಾಚಿದ್ದರು.

ಕಚೇರಿಯ ಪಡಸಾಲೆಯಲ್ಲಿ ಒಂದೇ ಬೆಂಚು. ಅದರ ಮೇಲೆ ಜಾಹಿದಾಳೂ ಅವಳ ಅಪ್ಪ ಹಿದಾಯತ್ ಉಲ್ಲಾರೂ ಕೂತಿದ್ದರು. ಗುಂಡ್ಲುಪೇಟೆಯಲ್ಲಿ ತಗಡಿನ ಟ್ರಂಕು ಮಾಡುವವರು ಅವರು. ಮಂಟೇಸ್ವಾಮಿ ಟ್ರೈನಿಂಗಿಗೆ ಮೈಸೂರಿಗೆ ಹೋದಾಗ ಹೊತ್ತುಕೊಂಡು ಹೋದ ನೀಲಿ ಟ್ರಂಕು ಅವರ ಅಂಗಡಿಯದೇ, ಇವತ್ತಿಗೂ ಅಟ್ಟದ ಮೇಲಿದೆ, ಕೀಲು ಸಡಿಲವಾಗಿಲ್ಲ. ಅವನನ್ನು ಕಂಡದ್ದೇ ಮುದುಕ ಎದ್ದು ನಿಂತು ಜಾಗ ಬಿಟ್ಟುಕೊಟ್ಟರು. ಕೂರುವುದೋ ಬೇಡವೋ ತಿಳಿಯದೆ ಅವನು ತುದಿಯಲ್ಲಿ ಕೂತ. ಮುದುಕ ಕೆಳಗೆ ಹೋಗಿ ಮೂರು ಟೀ ತಂದರು. ಬೇಡ ಅನ್ನಬೇಕೆಂದು ಬಾಯಿ ತೆರೆದವನು ಲೋಟ ಇಸಕೊಂಡ, ಕುಡಿದ. ಬಾಯಿ ಸುಟ್ಟರೂ ಬೇಗ ಬೇಗ ಕುಡಿದ. ಜಾಹಿದಾ ಬಿಳಿ ಸೀರೆ ಉಟ್ಟು ಬಂದಿದ್ದಳು, ಡ್ಯೂಟಿಗೆ ಹೋಗುವವಳ ಹಾಗೆ. ಹದಿನೈದು ದಿನದಿಂದ ಡ್ಯೂಟಿ ಇಲ್ಲ. ಅವಳ ಬೆರಳುಗಳನ್ನು ನೋಡಿದ. ಉಗುರನ್ನು ಮೊಟಕಾಗಿ ಕತ್ತರಿಸಿ, ತಿಕ್ಕಿ ತೊಳೆದು ಬೆಳ್ಳಗಾಗಿದ್ದ ಬೆರಳುಗಳು. ತನ್ನ ಕೈಯನ್ನು ಜೇಬಿಗೆ ಹಾಕಿಕೊಂಡ. ಹಿದಾಯತ್ ಉಲ್ಲಾ ಬಗ್ಗಿ, ಯಾರಿಗೂ ಕೇಳಬಾರದೆಂಬಂತೆ ಹೇಳಿದರು:

"ಮೇಷ್ಟ್ರೇ, ನಮ್ ಮಗು ತಪ್ಪು ಮಾಡಿದ್ರೆ ಮಾಡಿದ್ದಾಳೆ ಅಂತಾನೇ ಹೇಳಿ, ನಾನು ಬೇಜಾರು ಮಾಡ್ಕಳಲ್ಲ. ನಿಮಗೆ ಏನು ಗೊತ್ತೋ ಅಷ್ಟು ಹೇಳಿ ಸಾಕು."

ಒಳಗೆ ಕರೆ ಬಂತು. ವಿಚಾರಣೆಗೆ ಬಂದಿದ್ದ ಸಾಹೇಬರು ಒಳ್ಳೆಯ ಮನುಷ್ಯ, ಕೂತುಕೊಳ್ಳಿ ಎಂದರು, ಫ್ಯಾನು ಜೋರು ಮಾಡಿಸಿದರು. ಅರ್ಜಿ ಮುಂದೆ ಇತ್ತು, ತನ್ನದೇ ದುಂಡಗಿನ ಅಕ್ಷರ ತಲೆಕೆಳಗಾಗಿ ಕಾಣುತ್ತಿತ್ತು. ಸರ್, ಒಂದು ವಿಷಯ ಹೇಳಬೇಕಿತ್ತು, ಎಂದು ಮಂಟೇಸ್ವಾಮಿ ಶುರುಮಾಡಿದ. ನಿಜವಾಗಿಯೂ ಶುರುಮಾಡಿದ; ಆಮೇಲೆ ಇದೊಂದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೋ. ಹೇಳಿ ಹೇಳಿ, ಎಂದ ಸಾಹೇಬರು ಕಾಗದದ ಮೇಲೆ ಕಣ್ಣಾಡಿಸಿ, ನೀವು ವಿಜ್ಞಾನದ ಮೇಷ್ಟ್ರಲ್ಲವೇ, ನಮ್ಮ ಮಗಳು ದಿನಾ ತಲೆ ತಿನ್ನುತ್ತಾಳೆ, ಆ ಧೂಮಕೇತುವಿನ ಬಾಲ ಯಾಕೆ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿಯೇ ಇರುತ್ತದೆ, ಎಂದು ಕೇಳಿದರು. ಬಾಯಲ್ಲಿದ್ದ ಮಾತು ಗಂಟಲಿಗೆ ಇಳಿಯಿತು. ಇಳಿದದ್ದೇ ತಡ ಎಂಥ ಹಗುರ. ಅವನು ಹೇಳತೊಡಗಿದ. ಸೂರ್ಯನ ಬಿಸಿಗೆ ಮಂಜುಗಡ್ಡೆ ಕರಗಿ ಆವಿಯಾಗುವುದು, ಬೆಳಕೇ ಧೂಳನ್ನು ಆಚೆ ತಳ್ಳುವುದು, ಹೋಗುವಾಗ ಬಾಲವೇ ಮುಂದಾಗಿ ಹೋಗುವುದು. ಜೇಬಿನಿಂದ ಪೇಪರಿನ ತುಂಡು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಮೇಲೆ ಇರುವವರಿಗೆ ಹೇಗೆ ಕಾಣುತ್ತದೆ ಗೊತ್ತೇ ಸರ್, ಎಂದ. ಕೆಳಗೆ ಕಡಲು ಕಪ್ಪಗೆ, ಊರುಗಳ ದೀಪ ಚೆಲ್ಲಿದ ರಾಗಿಯ ಹಾಗೆ, ಭೂಮಿಯ ಅಂಚಿನಲ್ಲಿ ತೆಳ್ಳಗೆ ಗಾಳಿಯ ಒಂದು ಗೆರೆ, ಅದರ ಮೇಲೆ ಇದು. ಒಂದು ಚೂರೂ ನಡುಗದೆ. ಗುಮಾಸ್ತ ಬರೆಯುವುದು ಬಿಟ್ಟು ಕೇಳುತ್ತಿದ್ದ. ಬಾಗಿಲ ಹೊರಗೆ ಜವಾನ ಕೇಳುತ್ತಿದ್ದ. ಆ ಹತ್ತು ನಿಮಿಷದಷ್ಟು ಚೆನ್ನಾಗಿ ಅವನು ಯಾವ ತರಗತಿಯಲ್ಲೂ ಪಾಠ ಮಾಡಿರಲಿಲ್ಲ. ಭೇಷ್ ಮೇಷ್ಟ್ರೇ, ನಿಮ್ಮಂಥವರು ಬೇಕು, ಎಂದ ಸಾಹೇಬರು ಗಡಿಯಾರ ನೋಡಿ, ಅರ್ಜಿಯಲ್ಲಿ ಬರೆದದ್ದೆಲ್ಲ ನಿಮ್ಮದೇ ತಾನೆ, ಇಲ್ಲೊಂದು ಸಹಿ ಹಾಕಿಬಿಡಿ, ಎಂದು ಹಾಳೆ ಈ ಕಡೆ ತಿರುಗಿಸಿದರು. ಏನೋ ಹೇಳಬೇಕು ಅಂದಿರಲ್ಲ? ಏನಿಲ್ಲ ಸರ್, ಎಂದ. ಸಹಿ ಹಾಕಿದ. ಸಹಿಯ ಕೆಳಗೆ ಎಂದಿನಂತೆ ಎರಡು ಚುಕ್ಕಿ ಇಟ್ಟ.

ಹೊರಗೆ ಬಂದಾಗ ಹಿದಾಯತ್ ಉಲ್ಲಾ ಮತ್ತೆ ಎದ್ದು ನಿಂತಿದ್ದರು. ಹೇಳಿದ್ರಾ ಮೇಷ್ಟ್ರೇ, ಎಂದರು. ಹೇಳಿದೆ, ಎಂದ ಅವನು. ಬಾಯಿಂದ ಅದು ಹೇಗೆ ಬಂತೋ, ತನ್ನ ನಾಲಗೆ ಕಿತ್ತು ನಾಯಿಗೆ ಹಾಕಬೇಕು. ಮುದುಕ ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಪ್ರಾರ್ಥನೆಯ ಮಾತು ಅಂದರು. ಜಾಹಿದಾ ಮಾತ್ರ ಅವನನ್ನು ನೋಡುತ್ತ ನಿಂತಳು. ಬಾಗಿಲು ತೆರೆದೇ ಇತ್ತಲ್ಲ; ಒಳಗಿನ ಒಂದೊಂದು ಮಾತೂ ಅವಳಿಗೆ ಕೇಳಿಸಿರಬೇಕು. ಬಯ್ಯುತ್ತಾಳೆ, ಅಳುತ್ತಾಳೆ, ಇಲ್ಲೇ ನಾಲ್ಕು ಜನರ ಮುಂದೆ ಮುಖಕ್ಕೆ ಉಗಿಯುತ್ತಾಳೆ ಎಂದು ಅವನು ಕಾದ. ಉಗಿದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಜ್ಜಿಯ ಬಲಗಣ್ಣು ಬಿಡಬೇಡಿ ಸರ್," ಎಂದಳು. "ಮೇನಲ್ಲಿ ಕ್ಯಾಂಪ್ ಇದೆ. ನಾನಿರಲ್ಲ, ಬೇರೆಯವರಿರ್ತಾರೆ. ಆ ಕಣ್ಣು ಚೆನ್ನಾಗಿ ಬರುತ್ತೆ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ಖಾಲಿಯಿದ್ದರೂ ಅವನು ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಬಂದ. ಮೇಲಿರುವವರು ಅಷ್ಟು ಹೊತ್ತಿಗೆ ಎರಡು ಸಲ ಭೂಮಿ ಸುತ್ತಿದ್ದರು. ಅವನು ಹೊರಟಲ್ಲಿಗೇ ಬಂದು ಇಳಿದ. ಮನೆಗೆ ಬಂದರೆ ಅವ್ವ ಕೇಳಿದ್ದು ವಿಚಾರಣೆಯ ಮಾತಲ್ಲ, ಉಂಡ್ಯಾ ಎಂದು. ನಿನ್ನೆ, ಯುಗಾದಿಯ ಮಾರನೆಯ ದಿನ, ಚಂದ್ರ ನೋಡುವಾಗ ಎಲ್ಲರೂ ಪಡುವಲಿಗೆ ಕೈಮುಗಿದರೆ ಅವಳು ಗೋಡೆಗೆ ಮುಖ ಮಾಡಿ ಮುಗಿದಿದ್ದಳು. ಭಾನು ಹೆಗಲು ಹಿಡಿದು ತಿರುಗಿಸಿದಾಗ, ಅಲ್ಲವ್ನಾ, ಎಲ್ಲಿದ್ರೂ ಅವನೇ ಬುಡು, ಎಂದು ನಗೆಯಾಡಿದ್ದಳು. ಅದು ನೆನಪಾಗಿ ಅನ್ನ ಒಳಗಿಳಿಯಲಿಲ್ಲ. ಊಟದ ತಟ್ಟೆಯಲ್ಲೇ ಕೈ ತೊಳೆದ. ಆಮೇಲೆ ಹಿತ್ತಲಿಗೆ ಹೋಗಿ ಸೋಪು ಹಾಕಿ ಮತ್ತೊಮ್ಮೆ ತೊಳೆದ. ಈ ಒಂದೂವರೆ ತಿಂಗಳಲ್ಲಿ ಅವನು ಕೈ ತೊಳೆದಷ್ಟು ಊರಲ್ಲಿ ಇನ್ಯಾರೂ ತೊಳೆದಿರಲಿಕ್ಕಿಲ್ಲ.

ಸಂಜೆ ಮೈದಾನದಲ್ಲಿ ನೂರೈವತ್ತು ಜನ ಸೇರಿದ್ದರು. ಮೀನಾ ಕಂಕುಳಲ್ಲಿ ಕೂಸು ಎತ್ತಿಕೊಂಡು ಮಲ್ಲಿಗಮ್ಮನನ್ನೂ ಕೈಹಿಡಿದು ಕರೆದುಕೊಂಡು ಬಂದಿದ್ದಳು. ಮೇಷ್ಟ್ರ ತಾಯಿ ಎಂದು ಮುಂದುಗಡೆ ಕುರ್ಚಿ ಹಾಕಿಕೊಟ್ಟರು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ತದಿಗೆಯ ಚಂದ್ರ ಕಂಡ, ಅವನ ಬಲಕ್ಕೆ ಕೆಳಗೆ, ಹುಣಸೆಮರದ ನೆತ್ತಿಗಿಂತ ತುಸು ಮೇಲೆ ಅದು ಕಂಡಿತು. ಜನ ಒಟ್ಟಿಗೆ ಉಸಿರು ಎಳೆದರು. ಮಂಟೇಸ್ವಾಮಿ ಕೋಲು ಹಿಡಿದು ಹೇಳಿದ, ಬೆಳಿಗ್ಗೆ ಹೇಳಿದ್ದನ್ನೇ ಹೇಳಿದ, ಆದರೆ ಬೆಳಗಿನ ಸೊಗಸು ಇರಲಿಲ್ಲ, ಬಾಯಿಪಾಠ ಒಪ್ಪಿಸಿದಂತಿತ್ತು. ಇದು ಬರೀ ಮಂಜು ಮತ್ತು ಧೂಳು, ಇದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಎಂದು ಮುಗಿಸಿದಾಗ ಸಿದ್ದಯ್ಯ ಎದ್ದು ನಿಂತ. ಕ್ಯಾಂಪಿಗೆ ಹೆಸರು ಬರೆಸಿ ಕೊನೆಗಳಿಗೆಯಲ್ಲಿ ಹಿಂಜರಿದವನು, ಎರಡೂ ಕಣ್ಣಲ್ಲಿ ಪೊರೆ, ಮುಖ ಎತ್ತಿ ದಿಕ್ಕು ತಪ್ಪಿದ ಹಾಗೆ ಇನ್ನೆಲ್ಲೋ ನೋಡುತ್ತ ಮಾತಾಡಿದ. ವಿನಯದಿಂದಲೇ ಕೇಳಿದ.

"ತೆಪ್ಪು ತಿಳ್ಕಬ್ಯಾಡಿ ಮೇಷ್ಟ್ರೇ. ಈ ಚುಕ್ಕಿ ಏನೂ ಮಾಡಲ್ಲ ಅಂದ್ರೆ, ನಿಮ್ಮವ್ವನ ಕಣ್ಣು ಯಾತರಿಂದ ಓಯ್ತು? ಅದೊಂದು ಹೇಳ್ಬುಡಿ, ನಾನೂ ಮುಂದಿನ ತಿಂಗಳು ಓಗ್ಬೇಕೋ ಬ್ಯಾಡ್ವೋ ನೋಡ್ಕತೀನಿ."

ನೂರೈವತ್ತು ಜನ ಆಕಾಶ ಬಿಟ್ಟು ಅವನ ಕಡೆ ತಿರುಗಿದರು. ಮೀನಾಳ ಕೂಸು ಮೊಲೆಗೆ ಬಾಯಿ ಹಾಕಿ ಚೀಪುತ್ತಿತ್ತು. ಹೇಳು, ಎಂದಿತು ಒಳಗೆ ಏನೋ. ಇಲ್ಲಿ ಸಾಹೇಬರಿಲ್ಲ, ಸಹಿ ಇಲ್ಲ, ನಿನ್ನ ಊರು, ನಿನ್ನ ಜನ. ಹುಳಿ ಹಾಲು ಅನ್ನು. ತೊಳೆಯದ ಕೈ ಅನ್ನು. ಕಣ್ಣು ಚುಕ್ಕಿಯಿಂದಲೇ ಹೋಯಿತು ಸಿದ್ದಯ್ಯ, ಆ ಚುಕ್ಕಿ ನೋಡುವ ನನ್ನ ಆತುರದಿಂದ ಹೋಯಿತು, ಅನ್ನು. ಅವನು ಬಾಯಿ ತೆರೆದ. ತೆರೆದದ್ದು ಹೌದು. ಕೋಲು ಇನ್ನೂ ಆಕಾಶಕ್ಕೇ ತೋರಿಸುತ್ತಿತ್ತು. ಅಷ್ಟರಲ್ಲಿ ಮಲ್ಲಿಗಮ್ಮ ಕುರ್ಚಿಯ ಕೈ ಹಿಡಿದು ಎದ್ದಳು.

"ಚುಕ್ಕಿನೇ ತಕ್ಕಂಡೋಯ್ತು ಕಣಪ್ಪ ಸಿದ್ದಯ್ಯ," ಎಂದಳು, ಊರಿಗೆಲ್ಲ ಕೇಳುವಂತೆ. "ನನ್ನ ಮಗ ಏನೂ ಆಕ್ಲಿಲ್ಲ. ಆಣೆ ಮಾಡ್ತೀನಿ, ಏನೂ ಆಕ್ಲಿಲ್ಲ ಅವನು."

ಮಗ ಏನಾದರೂ ಹಾಕಿದನೇ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕಳ್ಳ. ಅವನ ಹೆಗಲನ್ನು ಅವಳು ಮುಟ್ಟಿ ತೋರಿಸಿದ್ದಳು. ಮೀನಾ ಕೂಸಿನ ತಲೆಯ ಮೇಲೆ ಸೆರಗು ಎಳೆದುಕೊಂಡು ಕೆಳಗೆ ನೋಡಿದಳು. ಹಾಲು ಹಿಂಡಿ ಕೊಟ್ಟವಳಲ್ಲವೇ. ಸಿದ್ದಯ್ಯ, ಸರಿ ಬುಡವ್ವ, ಅಂಗಾರೆ ನಾನು ಓಗಲ್ಲ, ಎಂದು ಕೋಲು ತಡಕಿಕೊಂಡು ಕೂತ. ಯಾರೋ ಚಪ್ಪಾಳೆ ತಟ್ಟಿ ಕಾರ್ಯಕ್ರಮ ಮುಗಿಸಿದರು. ಜನ ಮನೆಗೆ ಹೋಗುವ ದಾರಿಯಲ್ಲಿ ಚುಕ್ಕಿಗೆ ಕೈಮುಗಿದು, ಕೆನ್ನೆ ಬಡಿದುಕೊಂಡು ಹೋದರು.

ಅವ್ವನ ಕೈಯನ್ನು ಮೊಳಕೈಗೆ ಸಿಕ್ಕಿಸಿಕೊಂಡು ಅವನು ನಿಧಾನವಾಗಿ ನಡೆದ. ಅವಳು ಹಗುರವಾಗಿದ್ದಳು, ದಾರಿಯ ಕಲ್ಲು ಕಂಡವಳಂತೆ ಕಾಲೆತ್ತಿ ಇಡುತ್ತಿದ್ದಳು. ಮುಂದಿನ ತಿಂಗಳು ಹೋಗೋಣ ಕಣವ್ವ, ಬಲಗಣ್ಣು ಚೆನ್ನಾಗಿ ಬರುತ್ತದಂತೆ, ಎಂದ. ಅವನ ದನಿ ಅವನಿಗೇ ಬೇಡುವವನ ದನಿಯಂತೆ ಕೇಳಿಸಿತು. ಅವಳು ನಾಲ್ಕು ಹೆಜ್ಜೆ ನಡೆದಳು.

"ಬ್ಯಾಡ ಮಗ. ಅಲ್ಲಿಗೋದ್ರೆ ಮತ್ತೆ ಕೇಳ್ತಾರೆ, ಓದ್ಸಲ ಏನಾಕಿದ್ರಿ ಅಂತ. ಎಷ್ಟ್ ಸಲ ಇಲ್ಲ ಅನ್ನದು ನೀನು."

ಅವನಿಗೆ ಅಳು ಬರಲಿಲ್ಲ. ಬಂದಿದ್ದರೆ ಆಗುತ್ತಿತ್ತು. ತಲೆಯೆತ್ತಿದ. ಪಡುವಲಲ್ಲಿ ಧೂಮಕೇತು ಇಳಿಯುತ್ತಿತ್ತು, ಅದರ ಮೇಲುಗಡೆಯಿಂದ ಒಂದು ಚುಕ್ಕಿ ಸದ್ದಿಲ್ಲದೆ, ಮಿನುಗದೆ, ಒಂದೇ ಸಮನೆ ಮೂಡಲ ಕಡೆಗೆ ಜಾರುತ್ತಿತ್ತು. ಅವರೇ. ಒಳಗೆ ಮನುಷ್ಯರು, ಕಿಟಕಿಗೆ ಮುಖ. ಅವನು ನಿಂತುಬಿಟ್ಟ. ತೋಳು ಬಿಗಿದದ್ದು ಅವಳಿಗೆ ತಿಳಿಯಿತು.

"ಯಾಕ ನಿಂತ್ಕಂಡೆ?"

"ಮೇಲಿರೋರು ಹೋಗ್ತಾ ಅವ್ರೆ ಕಣವ್ವ. ನಮ್ಮ ನೆತ್ತಿ ಮೇಲೇ."

ಮಲ್ಲಿಗಮ್ಮ ಮುಖ ಮೇಲೆತ್ತಿದಳು. ಒಂದು ಕಣ್ಣಿನ ಗುಳಿ ಮುಚ್ಚಿಕೊಂಡಿತ್ತು, ಇನ್ನೊಂದು ಬೆಳ್ಳಗೆ ತೆರೆದಿತ್ತು.

"ಅವ್ರಿಗೆ ನಾವು ಕಾಣ್ತೀವಾ?"

"ಇಲ್ಲ ಕಣವ್ವ. ಊರೇ ಕಾಣಲ್ಲ."

"ಸದ್ಯ," ಎಂದಳು ಅವಳು. "ಬಾ ಮಗ, ಓಗನ."